ತಂತಿಗೆ ತಕ್ಕ ಫ್ಯೂಸು

ಆ ಬೀದಿಯಲ್ಲಿ ಅವನ ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಫ್ಯೂಸಪ್ಪನ ಅಂಗಡಿ ಎಲ್ಲಿ ಎಂದರೆ ಸಾಕು, ಟೈರ್ ಅಂಗಡಿಯವನಿಂದ ಹಿಡಿದು ಬ್ಯಾಂಕಿನ ಕಾವಲುಗಾರನವರೆಗೆ ಯಾರು ಬೇಕಾದರೂ ದಾರಿ ತೋರಿಸುತ್ತಿದ್ದರು. ಕಾರಿಗೆ ಸ್ಪೀಕರು, ಆಂಪ್ಲಿಫೈಯರು ಕೂರಿಸಿಕೊಡುವ ಅಂಗಡಿ ಅದು. ಅಂಥ ಅಂಗಡಿಗಳಿಗೇನೂ ಬರವಿರಲಿಲ್ಲ. ಉಳಿದವರು ಗಿರಾಕಿ ಕಾಲಿಟ್ಟ ಕೂಡಲೇ ಹಾಡು ಹಾಕಿ ಗೋಡೆ ನಡುಗಿಸಿ ತೋರಿಸುತ್ತಿದ್ದರು. ಈ ಮನುಷ್ಯ ಮಾತ್ರ ಮೊದಲು ಬಾನೆಟ್ ಎತ್ತಿಸಿ, ಬ್ಯಾಟರಿ ನೋಡಿ, ಪಾಠ ಶುರುಮಾಡುತ್ತಿದ್ದ.

"ಫ್ಯೂಸು ಇರೋದು ಯಾರನ್ನ ಕಾಯೋಕೆ, ಹೇಳಿ ನೋಡೋಣ?"

"ಆಂಪ್ಲಿಫೈಯರ್‌ನ."

"ತಪ್ಪು. ತಂತೀನ. ಡಬ್ಬಿ ಸುಟ್ಟರೆ ಇನ್ನೊಂದು ಡಬ್ಬಿ ತರಬಹುದು. ತಂತಿ ಕಾದರೆ ಕಾರೇ ಹೊತ್ಕೊಳ್ಳುತ್ತೆ. ಆಗ ಒಳಗಿರೋರು ನೀವು, ನಾನಲ್ಲ."

ಗಿರಾಕಿಗಳಾದರೂ ಎಂಥವರು! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎನ್ನುವ ಜಾತಿ. ಕಾರಿನ ಬಾಗಿಲನ್ನು ಹಗ್ಗದಲ್ಲಿ ಕಟ್ಟಿಕೊಂಡಿದ್ದರೂ ಡಿಕ್ಕಿ ತುಂಬ ಸ್ಪೀಕರು ಬೇಕು, ತಂತಿ ಮಾತ್ರ ಅಗ್ಗದ್ದು ನಡೆಯುತ್ತದೆ. ಅಂಥವರು ತಂದ ತಂತಿಯ ತುದಿ ಸುಲಿದು, ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ಅವರ ಮೂಗಿನೆದುರು ಹಿಡಿಯುತ್ತಿದ್ದ. ಒಳಗೂ ಕೆಂಪಗಿದ್ದರೆ ತಾಮ್ರ. ಬೆಳ್ಳಗೆ ಕಂಡಿತೋ, ತಾಮ್ರದ ಬಣ್ಣ ಬಳಿದುಕೊಂಡ ಅಲ್ಯೂಮಿನಿಯಂ. "ಮೇಲೆ ಥಳಕು, ಒಳಗೆ ಹುಳುಕು" ಎಂದು ಗೊಣಗಿ, ಅದು ತಾಮ್ರಕ್ಕಿಂತ ಬೇಗ ಬಿಸಿಯೇರುತ್ತದೆಂದು ಇನ್ನೂ ಒಂದು ಮೆಟ್ಟಿಲು ಚಿಕ್ಕ ಫ್ಯೂಸು ಆರಿಸುತ್ತಿದ್ದ. ಅದನ್ನು ಬ್ಯಾಟರಿಯಿಂದ ಒಂದು ಗೇಣಿನೊಳಗೇ ಕೂರಿಸುತ್ತಿದ್ದ, ಯಾಕೆಂದರೆ ಬ್ಯಾಟರಿಗೂ ಫ್ಯೂಸಿಗೂ ನಡುವಿನ ತಂತಿಯನ್ನು ಕಾಯುವವರು ಯಾರೂ ಇಲ್ಲ. ಅವನ ಮೇಜಿನ ಡ್ರಾಯರಿನಲ್ಲಿ ಖಾನೆಗಳಿದ್ದವು: ಮೂವತ್ತು, ನಲವತ್ತು, ಅರವತ್ತು, ಎಂಬತ್ತು, ನೂರು, ನೂರೈವತ್ತು ಆಂಪಿಯರ್. ಫ್ಯೂಸು ಎಂದರೆ ಬೆರಳಗಲದ ಲೋಹದ ಪಟ್ಟಿಗಳು. ನೂರೈವತ್ತರ ಖಾನೆಯಲ್ಲಿ ವರ್ಷವಿಡೀ ಧೂಳು ಕೂತಿರುತ್ತಿತ್ತು. ಹೆಬ್ಬೆರಳಿನಷ್ಟು ದಪ್ಪದ ತಂತಿ ತರುವ ಪುಣ್ಯಾತ್ಮರು ಅಪರೂಪ.

ಅಂಗಡಿಯಲ್ಲಿ ಇದ್ದದ್ದು ಇಬ್ಬರೇ, ಅಪ್ಪ ಮತ್ತು ಮಗಳು. ಕೆಲಸ ಹಂಚಿಹೋಗಿತ್ತು. ಬಾನೆಟ್ ಅಪ್ಪನದು, ಡಿಕ್ಕಿ ಮಗಳದು. ಅವನು ಬ್ಯಾಟರಿಯ ಕಡೆಯಿಂದ ತಂತಿ ನೂಕಿದರೆ ಅವಳು ಸೀಟಿನ ಕೆಳಗೆ ಕೈಹಾಕಿ ಎಳೆದುಕೊಳ್ಳುತ್ತಿದ್ದಳು. ಕಾರ್ಪೆಟ್ ಎಬ್ಬಿಸಿ ಮುಚ್ಚುವುದು, ಸ್ಪೀಕರಿನ ಪೆಟ್ಟಿಗೆ ಕೂರಿಸುವುದು, ದನಿ ಹದ ಮಾಡುವುದು ಅವಳ ಪಾಲು. ಒಬ್ಬರ ಕೆಲಸವನ್ನು ಇನ್ನೊಬ್ಬರು ತಿರುವಿ ನೋಡುವ ಪದ್ಧತಿಯೇ ಇರಲಿಲ್ಲ. ನೋಡುವ ಅಗತ್ಯ ಬಿದ್ದಿರಲೂ ಇಲ್ಲ. ಅಪ್ಪನ ಕೈಯಿಂದ ಹೋದ ಫ್ಯೂಸಿನ ಮೇಲೆ ಅವಳಿಗೆ ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎಂಬಷ್ಟೇ ನಂಬಿಕೆ.

ಮರೆವು ಶುರುವಾದದ್ದು ಅವಳಿಗೆ ಗೊತ್ತಿತ್ತು. ಕನ್ನಡಕವನ್ನು ಗಿರಾಕಿಯ ಕಾರಿನಲ್ಲೇ ಬಿಟ್ಟು ಕಳಿಸುತ್ತಿದ್ದ. ಟೈರ್ ಅಂಗಡಿಯವನನ್ನು ಅವನ ಸತ್ತ ಅಣ್ಣನ ಹೆಸರಿನಿಂದ ಕರೆದಿದ್ದ. ವಯಸ್ಸಾಯಿತಲ್ಲ ಎಂದು ಅವಳೂ ಅಮ್ಮನೂ ನಕ್ಕು ಸುಮ್ಮನಾಗಿದ್ದರು. ಕೆಲಸದಲ್ಲಿ ಎಲ್ಲೂ ಎಡವಿದ ಹಾಗೆ ಕಂಡಿರಲಿಲ್ಲ. ಅಷ್ಟೇ ಯಾಕೆ, ಆ ವರ್ಷ ದೂರುಗಳೇ ನಿಂತುಹೋಗಿದ್ದವು. ಮೊದಲೆಲ್ಲ ತಿಂಗಳಿಗೆ ನಾಲ್ಕಾರು ಜನವಾದರೂ "ಫ್ಯೂಸು ಹೋಯ್ತು, ಹಾಡು ನಿಂತ್ಹೋಯ್ತು" ಎಂದು ಬಂದು, ಅಪ್ಪನ ಹತ್ತಿರ ಬೈಸಿಕೊಂಡು, ತಂತಿ ಬದಲಾಯಿಸಿಕೊಂಡು ಹೋಗುತ್ತಿದ್ದರು. ಈಗ ಒಬ್ಬನೂ ಬರುತ್ತಿರಲಿಲ್ಲ. ಕೈ ಪಳಗಿದ್ದರ ಗುರುತು ಅದು ಎಂದು ಮಗಳು ಹೆಮ್ಮೆಪಟ್ಟಿದ್ದಳು. ಆ ಹೆಮ್ಮೆಯನ್ನು ನೆನೆದರೆ ಅವಳಿಗೆ ಈಗಲೂ ಮೈ ಉರಿಯುತ್ತದೆ.

ಗೊತ್ತಾದದ್ದು ಟ್ಯಾಕ್ಸಿಯವನಿಂದ. ಡಿಕ್ಕಿಯ ಪೆಟ್ಟಿಗೆ ಗಡಗಡ ಅನ್ನುತ್ತಿದೆ, ಬಿಗಿಮಾಡಿಕೊಡಿ ಎಂದು ಬಂದಿದ್ದ. ಅಪ್ಪ ಊಟಕ್ಕೆ ಮನೆಗೆ ಹೋಗಿದ್ದ. ಅವಳು ಕಾರ್ಪೆಟ್ ಎತ್ತಲು ಹೋದಳು, ಅದು ಏಳಲಿಲ್ಲ. ತಂತಿಯ ಮೇಲಿನ ಪ್ಲಾಸ್ಟಿಕ್ ಮೆತ್ತಗಾಗಿ ಕಾರ್ಪೆಟ್ಟಿಗೆ ಅಂಟಿಕೊಂಡಿತ್ತು. ಅದರ ಕೆಂಪು ಬಣ್ಣ ಕಂದಿಹೋಗಿತ್ತು. ಕಮರು ವಾಸನೆ. ಅವಳು ಎದ್ದು ಹೋಗಿ ಬಾನೆಟ್ ಎತ್ತಿದಳು. ಅರವತ್ತಕ್ಕಿಂತ ಮೇಲೆ ಹಾಕಲೇಬಾರದ ಸಣ್ಣ ತಂತಿ. ಫ್ಯೂಸಿನ ಗೂಡಿನೊಳಗೆ ನೂರೈವತ್ತು.

"ಇದನ್ನ ಯಾರು ಬದಲಾಯಿಸಿದ್ದು?" ಎಂದಳು, ಜಗಳಕ್ಕೆ ನಿಂತವಳ ಹಾಗೆ. "ಬೇರೆ ಅಂಗಡಿಗೆ ಹೋಗಿದ್ರಾ?"

"ಅಯ್ಯೋ, ನಿಮ್ಮಪ್ಪನೇ ಹಾಕಿದ್ದಮ್ಮ. ಮುಂಚೆ ಇದ್ದದ್ದು ವಾರಕ್ಕೊಂದು ಸುಡ್ತಿತ್ತು. ಬಂದು ಹೇಳ್ದೆ. ಬೈತಾರೆ ಅಂದ್ಕೊಂಡ್ರೆ, ಒಂದು ಮಾತಾಡದೆ ಹೊಸದು ಹಾಕ್ಕೊಟ್ರು. ಆವತ್ತಿಂದ ಒಂದು ದಿನ ತೊಂದ್ರೆ ಕೊಟ್ಟಿಲ್ಲ, ಚಿನ್ನದಂಥ ಕೆಲಸ!"

ಬೈಯದೆ ಹಾಕಿಕೊಟ್ಟ ಎಂಬ ಮಾತೇ ಅವಳಿಗೆ ಸಾಕಾಯಿತು. ಟ್ಯಾಕ್ಸಿಯವನಿಗೆ ಏನೋ ಸಬೂಬು ಹೇಳಿ, ಬೆಂದ ತಂತಿ ಕಿತ್ತು, ದಪ್ಪ ತಂತಿ ಎಳೆದು, ತಕ್ಕ ಫ್ಯೂಸು ಹಾಕಿ ಕಳಿಸಿದಳು. ಸಂಜೆ ಬೇರೊಂದು ಕಾರು ಬಂದಾಗ ಡಿಕ್ಕಿ ಬಿಟ್ಟು, ಸ್ಕ್ರೂ ಹುಡುಕುವ ನೆಪದಲ್ಲಿ ಅಪ್ಪನ ಪಕ್ಕ ನಿಂತಳು.

ಅಪ್ಪ ತಂತಿ ಸುಲಿದ. ಎಳೆ ಕೆರೆದ. "ಮೇಲೆ ಥಳಕು" ಎಂದ. ಬ್ಯಾಟರಿಯಿಂದ ಗೇಣು ಹಾಕಿ ಗೂಡಿಗೆ ಜಾಗ ಗುರುತಿಸಿದ. ಕೈಗಳು ಅವುಗಳ ಪಾಡಿಗೆ ಅವು ದುಡಿಯುತ್ತಿದ್ದವು, ಒಂದಿಷ್ಟೂ ತಪ್ಪಿಲ್ಲ. ಡ್ರಾಯರ್ ಎಳೆದ. ಅಲ್ಲಿ ನಿಂತುಬಿಟ್ಟ. ಬಾಗಿಲು ತೆಗೆದು ಒಳಗೆ ಬಂದವನು ಯಾಕೆ ಬಂದೆ ಎಂದು ಯೋಚಿಸುವ ಹಾಗೆ ಖಾನೆಗಳನ್ನು ನೋಡುತ್ತ ನಿಂತ. ಆಮೇಲೆ ಆಂಪ್ಲಿಫೈಯರಿನ ಪೆಟ್ಟಿಗೆಯ ಕಡೆ ತಿರುಗಿದ. ಅದರ ಮೇಲೆ ತಯಾರಿಸಿದವರು ಜಂಬಕ್ಕೆ ಅಚ್ಚುಹಾಕಿಸಿದ ದೊಡ್ಡ ಅಂಕಿ, ಸಾವಿರದ ಐನೂರು ವ್ಯಾಟು. ಅದನ್ನು ಓದಿ, ಸಮಾಧಾನವಾದಂತೆ ತಲೆಯಾಡಿಸಿ, ನೂರೈವತ್ತರ ಖಾನೆಗೆ ಕೈಹಾಕಿದ. ಆ ಖಾನೆಯಲ್ಲಿ ಧೂಳಿನ ಸುಳಿವೂ ಇರಲಿಲ್ಲ.

ತಂತಿಯ ಲೆಕ್ಕ ತಲೆಯೊಳಗಿರಬೇಕಾದದ್ದು. ಅದು ಜಾರಿಹೋಗಿತ್ತು. ಡಬ್ಬಿಯ ಮೇಲಿನ ಅಂಕಿ ಕಣ್ಣೆದುರಿಗಿತ್ತು. ಜೀವನವಿಡೀ ಯಾವ ತಪ್ಪಿಗೆ ಊರವರನ್ನೆಲ್ಲ ಬೈದನೋ ಅದೇ ತಪ್ಪನ್ನು ಶ್ರದ್ಧೆಯಿಂದ ಮಾಡುತ್ತಿದ್ದ. ದೊಡ್ಡ ಫ್ಯೂಸು ಸುಡುವುದೇ ಇಲ್ಲ. ಹಾಡು ನಿಲ್ಲುವುದಿಲ್ಲ, ಗಿರಾಕಿ ವಾಪಸು ಬರುವುದಿಲ್ಲ, ತಂತಿ ಮಾತ್ರ ಕಾರ್ಪೆಟ್ಟಿನ ಕೆಳಗೆ ಮೆಲ್ಲಗೆ ಬೇಯುತ್ತಿರುತ್ತದೆ.

ಡಾಕ್ಟರು ಪರೀಕ್ಷೆಗಳನ್ನೆಲ್ಲ ಮಾಡಿಸಿ, ಇದು ವಾಸಿಯಾಗುವ ಕಾಯಿಲೆಯಲ್ಲ, ಮಾತ್ರೆ ಕೊಟ್ಟರೆ ಸ್ವಲ್ಪ ನಿಧಾನವಾಗಿ ಹೆಚ್ಚುತ್ತದೆ, ಅಷ್ಟೆ ಎಂದರು. ಅಮ್ಮ, ಮಗಳು ಸೇರಿ ಅಪ್ಪನಿಗೆ ಶಕ್ತಿಯ ಮಾತ್ರೆ ಎಂದು ಹೇಳಿ ನುಂಗಿಸಿದರು. ಅಂಗಡಿ ಬಿಡಿಸೋಣವೇ ಎಂದು ಮಗಳು ಅಡುಗೆಮನೆಯಲ್ಲಿ ಪಿಸುಗುಟ್ಟಿದರೆ ಅಮ್ಮ ಪಾತ್ರೆ ತೊಳೆಯುತ್ತಿದ್ದ ಕೈಯನ್ನು ಅಲ್ಲೇ ನಿಲ್ಲಿಸಿದಳು.

"ಅಂಗಡಿ ಒಂದನ್ನ ಕಿತ್ಕೊಂಡ್ರೆ ಅವರು ಗೋಡೆ ನೋಡ್ಕೊಂಡು ಕೂತ್ಬಿಡ್ತಾರೆ ಕಣೇ. ಭಾನುವಾರದ ದಿನ ನೋಡಿದೀಯಲ್ಲ. ನನ್ನನ್ನೇ ಯಾರು ಅಂತ ಕೇಳ್ತಾರೆ. ಬೆಳಿಗ್ಗೆ ಅಂಗಡಿ ಬೀಗದ ಕೈ ಕೈಗೆ ಬಂದ್ರೆ ಮನುಷ್ಯ ಮನುಷ್ಯ ಆಗ್ತಾರೆ. ಏನಾದ್ರೂ ಮಾಡು, ಅಲ್ಲೇ ಇರೋ ಹಾಗೆ ಮಾಡು."

ಏನಾದರೂ ಮಾಡು ಎನ್ನುವುದು ಸುಲಭ. ಅಪ್ಪ ಅಂಗಡಿಯಲ್ಲಿ ಉಳಿಯಬೇಕು, ಯಾವ ಕಾರೂ ಹೊತ್ತಿಕೊಳ್ಳಬಾರದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಮೊದಲು ಅವಳು ಹೋದದ್ದು ಹಿಂದೆ ಕಳಿಸಿದ ಕಾರುಗಳನ್ನು ಹುಡುಕಲು. ಎಷ್ಟು ಕಾರು, ಯಾರ ಕಾರು ಎಂದು ಅಪ್ಪನನ್ನು ಕೇಳುವಂತಿರಲಿಲ್ಲ. ಅವಳಿಗೆ ಡಿಕ್ಕಿ ನೋಡಿದರೆ ಗುರುತು ಸಿಗುತ್ತದೆ, ಬೀದಿಯಲ್ಲಿ ಓಡುವ ಕಾರು ನೋಡಿದರೆ ಸಿಗುವುದಿಲ್ಲ. ನಿಜ ಹೇಳುವ ಹಾಗೂ ಇರಲಿಲ್ಲ. ಫ್ಯೂಸಪ್ಪನಿಗೆ ತಲೆ ಕೆಟ್ಟಿದೆಯಂತೆ ಎಂಬ ಸುದ್ದಿ ಮಧ್ಯಾಹ್ನದೊಳಗೆ ಬೀದಿಯ ಆ ತುದಿ ಮುಟ್ಟುತ್ತಿತ್ತು. ಆ ಸಲ ಬಂದ ಫ್ಯೂಸುಗಳು ಸರಿಯಿಲ್ಲ, ಕಂಪನಿಯವರೇ ಬದಲಾಯಿಸಲು ಹೇಳಿದ್ದಾರೆ ಎಂದು ಕತೆ ಕಟ್ಟಿದಳು. ಗುರುತಿದ್ದ ಕೆಲವರು ಬಂದರು. ಬೇಕರಿಯ ವ್ಯಾನಿನವನು ನಕ್ಕುಬಿಟ್ಟ. "ಚೆನ್ನಾಗಿ ಹಾಡ್ತಿದೆಯಲ್ಲಮ್ಮ, ಯಾಕೆ ಬಿಚ್ಚೋದು? ವ್ಯಾಪಾರ ಡಲ್ ಆಯ್ತಾ?" ಇನ್ನೊಬ್ಬ, ಮುಂದಿನ ವಾರ ಎಂದ. ಅವನ ಮುಂದಿನ ವಾರ ಇವತ್ತಿಗೂ ಬಂದಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಅವಳನ್ನು ಕಾಡಿದ್ದು ಒಂದು ಬಿಳಿ ಕಾರು. ಗಂಡ ಹೆಂಡತಿ, ಪುಟ್ಟ ಮಗು. ದೂರುಗಳು ನಿಂತುಹೋಗಿದ್ದ ಆ ವರ್ಷವೇ, ಬೇರೆ ಊರಿಗೆ ಮನೆ ಬದಲಾಯಿಸುವ ದಾರಿಯಲ್ಲಿ ಬಂದಿದ್ದರು, ದೂರದ ಪ್ರಯಾಣಕ್ಕೆ ಹಾಡು ಬೇಕಿತ್ತು. ಅವರ ಮುಖ ಅವಳಿಗೆ ನೆನಪಿಲ್ಲ. ನೆನಪಿರುವುದು ಹಿಂದಿನ ಸೀಟಿಗೆ ಪಟ್ಟಿ ಬಿಗಿದು ಕೂರಿಸಿದ್ದ ಮಗುವಿನ ಕುರ್ಚಿ. ಅದರ ಸಂದಿಯಲ್ಲಿ ಬಿಸ್ಕತ್ತಿನ ಪುಡಿ ಸಿಕ್ಕಿಕೊಂಡಿತ್ತು. ಅದನ್ನು ಬಿಚ್ಚಿ ಹೊರಗಿಟ್ಟವಳು ಅವಳೇ. ಅದರ ಕೆಳಗೇ ತಂತಿ ಎಳೆದು, ಕಾರ್ಪೆಟ್ ಮುಚ್ಚಿ, ಕುರ್ಚಿಯನ್ನು ಮತ್ತೆ ಭದ್ರವಾಗಿ ಬಿಗಿದವಳೂ ಅವಳೇ. ಯಾವ ಊರಿಗೆ ಹೋದರೋ ಯಾರಿಗೆ ಗೊತ್ತು? ಪೆಟ್ರೋಲ್ ಬಂಕಿನವರನ್ನು ಕೇಳಿದಳು, ಎದುರಿನ ಹೋಟೆಲಿನವರನ್ನು ಕೇಳಿದಳು. ಬಿಳಿ ಕಾರು ಎಂದರೆ ಅವರೂ ಏನು ಹೇಳಿಯಾರು? ರಸ್ತೆಯಲ್ಲಿ ಓಡುವುದೆಲ್ಲ ಬಿಳಿ ಕಾರುಗಳೇ. ಕೊನೆಗೆ ಕೇಳುವುದನ್ನು ಬಿಟ್ಟಳು. ಎಲ್ಲೋ ಕಾರಿಗೆ ಬೆಂಕಿ ಬಿತ್ತು ಎಂದು ಸುದ್ದಿ ಬಂದರೆ ಮಾತ್ರ ಟಿವಿಯ ಮುಂದೆ ಎದ್ದು ನಿಲ್ಲುತ್ತಿದ್ದಳು, ಬಣ್ಣ ಕಾಣುವವರೆಗೆ.

ಹೊಸ ಕಾರುಗಳದ್ದಾದರೂ ನೋಡಿಕೊಳ್ಳೋಣವೆಂದು ಅಪ್ಪ ಕೆಲಸ ಮುಗಿಸಿ ಚಹಾಕ್ಕೆ ಹೋದ ಕೂಡಲೇ ಬಾನೆಟ್ ಎತ್ತಿ ಫ್ಯೂಸು ಬದಲಾಯಿಸತೊಡಗಿದಳು. ಕಳ್ಳತನ ಎಷ್ಟು ದಿನ ನಡೆದೀತು? ಒಂದು ದಿನ ಅವನು ಬೇಗ ತಿರುಗಿ ಬಂದ.

"ನನ್ನ ಹಿಂದೆ ಬಂದು ಬಾನೆಟ್ ಎತ್ತಿ ನೋಡ್ತೀಯಾ?"

"ಗೂಡಿನ ಮುಚ್ಚಳ ಸಡಿಲ ಇತ್ತಪ್ಪ..."

"ನಾನು ಹಾಕಿದ ಮುಚ್ಚಳ?" ಅವಳ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡ. "ನಿನಗೆ ಸ್ಪ್ಯಾನರ್ ಹಿಡಿಯೋದು ಕಲಿಸಿದೋನು ನಾನು ಕಣೇ."

ಮೂರು ದಿನ ಮಾತು ಬಿಟ್ಟ. ಯಾಕೆ ಬಿಟ್ಟೆನೆಂಬುದು ಮಾರನೆಯ ಬೆಳಿಗ್ಗೆಯೇ ಅವನಿಗೆ ಮರೆತುಹೋಗಿತ್ತು. ಕಾರಣ ಅಳಿಸಿಹೋಗಿ ನೋವೊಂದು ಉಳಿದುಕೊಂಡಿತ್ತು. ಮಗಳು ಹತ್ತಿರ ಬಂದರೆ ಮುಖ ತಿರುಗಿಸುತ್ತಿದ್ದ, ತಿರುಗಿಸಿ, ಯಾಕೆ ತಿರುಗಿಸಿದೆ ಎಂದು ತಾನೇ ಕಂಗಾಲಾಗುತ್ತಿದ್ದ. ಅದನ್ನು ನೋಡಲು ಅವಳಿಗೆ ಆಗಲಿಲ್ಲ.

ಆಗ ಅವಳಿಗೆ ಹೊಳೆದದ್ದು ಡ್ರಾಯರು. ಅಮ್ಮ ಅಪ್ಪನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದ ಒಂದು ಬೆಳಿಗ್ಗೆ ದೊಡ್ಡ ಫ್ಯೂಸುಗಳನ್ನೆಲ್ಲ ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡಳು. ಆರೂ ಖಾನೆಗಳಲ್ಲಿ ಮೂವತ್ತು ಮತ್ತು ನಲವತ್ತನ್ನೇ ತುಂಬಿದಳು. ಈಗ ಅವನು ಯಾವುದಕ್ಕೆ ಕೈಹಾಕಿದರೂ ಅಪಾಯವಿಲ್ಲ. ತಂತಿ ಎಷ್ಟೇ ಕಳಪೆಯಾಗಿರಲಿ, ಅದು ಬಿಸಿಯಾಗುವ ಮೊದಲೇ ಫ್ಯೂಸು ಸುಡುತ್ತದೆ. ಹಾಡು ನಿಂತರೆ ಯಾರ ಪ್ರಾಣವೂ ಹೋಗುವುದಿಲ್ಲ. ಗಿರಾಕಿ ವಾಪಸು ಬರುತ್ತಾನೆ, ಬಂದವನಿಗೆ ತಾನು ಸರಿಯಾದದ್ದನ್ನು ಹಾಕಿಕೊಟ್ಟರಾಯಿತು. ಎಷ್ಟೋ ದಿನಗಳ ಮೇಲೆ ಅವಳು ಅಂದು ಹೊಟ್ಟೆ ತುಂಬ ಉಂಡಳು.

ಅಪ್ಪ ಖಾನೆಗಳ ಬದಲಾವಣೆಯನ್ನು ಗಮನಿಸಲಿಲ್ಲ. ಡಬ್ಬಿಯ ಅಂಕಿ ಓದುವುದು, ದೊಡ್ಡ ಖಾನೆಗೆ ಕೈಹಾಕುವುದು, ಸಿಕ್ಕ ಫ್ಯೂಸಿನ ಪಟ್ಟಿಯನ್ನು ಬಿಗಿಯುವುದು. ಪಟ್ಟಿಯ ಮೇಲೆ ಒತ್ತಿದ್ದ ಸಣ್ಣ ಅಂಕಿಯನ್ನು ಅವನ ಕಣ್ಣು ಹಿಡಿಯುತ್ತಿರಲಿಲ್ಲ.

ದೂರುಗಳು ಬಂದವು. ಒಂದಲ್ಲ ಎರಡಲ್ಲ. ದಾರಿಯಲ್ಲಿ ಹಾಡು ನಿಂತಿತೆಂದು ಒಬ್ಬ, ಸ್ನೇಹಿತರೆದುರು ಮಾನ ಹೋಯಿತೆಂದು ಇನ್ನೊಬ್ಬ, ಹೊಸದನ್ನು ಹಾಕಿಸಿಕೊಂಡು ಬೀದಿಯ ತಿರುವು ದಾಟುವುದರೊಳಗೆ ಸುಟ್ಟಿತೆಂದು ಮತ್ತೊಬ್ಬ. ಅವಳು ಸಾಧ್ಯವಾದಷ್ಟು ಜನರನ್ನು ಬಾಗಿಲಲ್ಲೇ ತಡೆದು ಸರಿಮಾಡಿ ಕಳಿಸಿದಳು. ಬಾಯಿಗೆ ಬೀಗ ಹಾಕಲು ಬರುತ್ತದೆಯೇ? ಟೈರ್ ಅಂಗಡಿಯವನು ತಮಾಷೆಗೆ, "ಏನು ಫ್ಯೂಸಪ್ಪ, ನಿನ್ನ ಫ್ಯೂಸೇ ಹೋಯ್ತಾ?" ಎಂದ. ಅಪ್ಪ ನಕ್ಕ. ಅಂಗಡಿಯೊಳಗೆ ಬಂದ ಮೇಲೆ, ಅವನು ಯಾಕೆ ಹಾಗಂದ ಎಂದು ಮಗಳನ್ನು ಕೇಳಿದ.

ಬೇಕರಿಯವನು ಹಳೆಯ ವ್ಯಾನು ಮಾರಿ ಹೊಸದು ತಂದಿದ್ದ. ಹಳೆಯದರ ಜೊತೆ ನೂರೈವತ್ತರ ಫ್ಯೂಸೂ ಯಾರ ಕೈಗೋ ಹೋಗಿತ್ತು. ಹೊಸ ವ್ಯಾನಿಗೆ ಈ ಸಲ ಒಳ್ಳೆಯ ತಾಮ್ರದ ತಂತಿಯನ್ನೇ ಹಾಕಿಸಿಕೊಂಡಿದ್ದ. ಫ್ಯೂಸು ಎರಡು ಸಲ ಸುಟ್ಟಿತು, ಎರಡು ಸಲವೂ ಅಪ್ಪನ ಕೈಯಿಂದಲೇ ಅಂಥದ್ದನ್ನೇ ಹಾಕಿಸಿಕೊಂಡು ಹೋಗಿದ್ದ. ಮೂರನೆಯ ಸಲ ಬಂದಾಗ ಮಗಳು ಡಿಕ್ಕಿಯೊಂದರೊಳಗೆ ಅರ್ಧ ಮೈ ತೂರಿಸಿದ್ದಳು, ಎದ್ದು ಬರುವಷ್ಟರಲ್ಲಿ ಅವನು ಸುಟ್ಟ ಪಟ್ಟಿಯನ್ನು ಅಪ್ಪನ ಮೇಜಿನ ಮೇಲೆ ಎಸೆದಾಗಿತ್ತು.

"ವಯಸ್ಸಾಯ್ತಲ್ಲ ಯಜಮಾನ್ರೇ, ಮನೇಲಿ ಕೂತ್ಕೊಳ್ಳಿ. ಜನರ ಪ್ರಾಣ ಯಾಕೆ ತಿಂತೀರಿ?"

ಅಪ್ಪ ಪಟ್ಟಿಯನ್ನು ಎತ್ತಿಕೊಂಡು ಬಾಗಿಲಿನ ಬೆಳಕಿಗೆ ಹಿಡಿದ. ಕನ್ನಡಕ ಏರಿಸಿದ. ನಲವತ್ತು. ಎದ್ದು ಹೋಗಿ ವ್ಯಾನಿನ ಬಾನೆಟ್ ಎತ್ತಿದ, ತಂತಿಯನ್ನು ಎರಡು ಬೆರಳಿನಲ್ಲಿ ಹಿಡಿದು ಹೊರಳಿಸಿ ನೋಡಿದ. ಆ ಮುಖದ ಮೇಲೆ ವರ್ಷದಿಂದ ಕಾಣದ ಏನೋ ಬಂತು. ಮಂಜು ಸರಿದು ಹಳೆಯ ಮನುಷ್ಯ ಹೊರಗೆ ಬಂದಿದ್ದ. ಅದೇ ಬೈಯುವ ಕಣ್ಣು. ಅವಳು ದಿನವೂ ಬೇಡಿಕೊಳ್ಳುತ್ತಿದ್ದುದು ಅದನ್ನೇ. ಅದು ಬರಬಾರದ ಹೊತ್ತಿನಲ್ಲಿ ಬಂತು.

"ಈ ತಂತಿಗೆ ನೂರು ಹಾಕಬೇಕು," ಎಂದ ಮೆಲ್ಲಗೆ. "ನಲವತ್ತು ಹಾಕಿದೀನಿ. ಯಾವ ಮೂರ್ಖನೂ ಹಾಕಲ್ಲ. ನನಗೆ ಏನಾಗಿದೆ, ಪುಟ್ಟಿ?"

ಹೇಳಿಬಿಡಬಹುದಿತ್ತು. ನಾನೇ ಡ್ರಾಯರಿನಲ್ಲಿ ಇಟ್ಟದ್ದು, ನಿನ್ನ ತಪ್ಪಲ್ಲ ಎಂದರೆ ಆ ಕ್ಷಣಕ್ಕೆ ಅವನ ಮರ್ಯಾದೆ ಉಳಿಯುತ್ತಿತ್ತು. ಯಾಕೆ ಇಟ್ಟೆ ಎಂದು ಅವನು ಕೇಳಿಯೇ ಕೇಳುತ್ತಿದ್ದ. ಈಗ ಕೇಳಿದರೆ ಉತ್ತರ ಅವನಿಗೆ ಪೂರ್ತಿ ಅರ್ಥವಾಗುತ್ತಿತ್ತು. ಬಿಳಿ ಕಾರೂ ಅದರಲ್ಲಿದ್ದ ಮಗುವಿನ ಕುರ್ಚಿಯೂ ಅರ್ಥವಾಗುತ್ತಿತ್ತು. ಅವಳು ಸುಟ್ಟ ಪಟ್ಟಿಯನ್ನು ಅವನ ಕೈಯಿಂದ ತೆಗೆದುಕೊಂಡು ಜೇಬಿಗೆ ಹಾಕಿಕೊಂಡಳು. ಬೇಕರಿಯವನು ಅವಳನ್ನೂ ಅವನನ್ನೂ ನೋಡಿ, ಜಾಸ್ತಿ ಅಂದುಬಿಟ್ಟೆನೇನೋ ಎಂದು ಕತ್ತು ಕೆರೆದುಕೊಂಡ.

"ತಪ್ಪಾಯ್ತು ಸ್ವಾಮಿ," ಎಂದ ಅಪ್ಪ ಅವನಿಗೆ. "ಮಗಳು ಸರಿಮಾಡಿ ಕೊಡ್ತಾಳೆ. ಇನ್ಮೇಲೆ ನಾನು ಮುಟ್ಟಲ್ಲ."

ಕೈ ಒರೆಸುವ ಬಟ್ಟೆಯನ್ನು ಮಡಚಿ ಮೇಜಿನ ಮೇಲಿಟ್ಟು, ಅಂಗಡಿಯ ಬೀಗದ ಕೈಯನ್ನು ಅವಳ ಅಂಗೈಯಲ್ಲಿಟ್ಟು ಮನೆಯ ಕಡೆ ನಡೆದ. ಅವಳು ಹಿಂದೆಯೇ ಓಡಿ ಕೂಗಿದಳು. ಅವನು ತಿರುಗಲಿಲ್ಲ.

ಮರೆಯುತ್ತಾನೆ, ನಾಳೆ ಎದ್ದು ಬೀಗದ ಕೈ ಎಲ್ಲಿ ಎನ್ನುತ್ತಾನೆ ಎಂದು ಅಮ್ಮ ಹೇಳಿದಳು. ಮಗಳೂ ಹಾಗೇ ಆಸೆಪಟ್ಟಳು. ಬೀಗದ ಕೈಯನ್ನು ಅವನಿಗೆ ಕಾಣುವ ಹಾಗೆ ಮನೆಯ ಮೇಜಿನ ಮೇಲೆ ಇಟ್ಟಳು. ಅವನು ಊರಿನ ಹೆಸರು ಮರೆತ, ಹೆಂಡತಿಯ ಹೆಸರು ಮರೆತ, ಉಂಡದ್ದು ಮರೆತು ಮತ್ತೆ ಊಟ ಕೇಳಿದ. ಅದೊಂದನ್ನು ಮಾತ್ರ ಮರೆಯಲಿಲ್ಲ. ಬೀಗದ ಕೈ ಕಂಡರೆ ಸುಡುವ ಪಾತ್ರೆ ಕಂಡವನಂತೆ ಕೈ ಹಿಂದೆಗೆಯುತ್ತಿದ್ದ. ಅಮ್ಮ ಹೆದರಿದ್ದಂತೆಯೇ ಗೋಡೆಯ ಕಡೆ ಮುಖ ಮಾಡಿ ಕೂತ.

ಒಂದು ಸಂಜೆ ಮಗಳು ಅಂಗಡಿ ಮುಚ್ಚಿ ಬಂದು ಅವನ ಪಕ್ಕ ಕುಳಿತಳು. ಅವನು ಅವಳ ಕೈಯನ್ನು ಎತ್ತಿಕೊಂಡು, ಉಗುರಿನ ಸಂದಿಯ ಗ್ರೀಸನ್ನು ನೋಡಿದ. ಗುರುತು ಸಿಕ್ಕಿತು.

"ಒಂದು ಸಮಾಧಾನ ಕಣೇ, ಪುಟ್ಟಿ," ಎಂದ. "ಕೈ ತಪ್ಪಿದ್ರೂ ಚಿಕ್ಕದರ ಕಡೇನೇ ತಪ್ತು. ಹಾಡು ನಿಲ್ತು, ನಾಲ್ಕು ಜನ ಬೈದ್ರು, ಅಷ್ಟೇ ತಾನೆ? ಇಷ್ಟು ವರ್ಷದಲ್ಲಿ ತಂತಿಗೆ ಮೀರಿದ ಫ್ಯೂಸು ಒಂದನ್ನೂ ಹಾಕಿ ಕಳಿಸಿಲ್ಲ ನಾನು. ಒಂದೂ ಇಲ್ಲ ಅಲ್ವಾ?"

"ಇಲ್ಲಪ್ಪ. ಒಂದೂ ಇಲ್ಲ."

ಅವನು ತಲೆಯಾಡಿಸಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಕೇಳಿದ. ಅವಳು ಮತ್ತೆ ಅದನ್ನೇ ಹೇಳಿದಳು.